ಎನ್‌ಕ್ವೈರಿ ಅಕ್ಕನ ಲೋಟ, ಚಮಚ ಮತ್ತು ಎರಡು ಜಿಬಿ

ಬಸ್ ನಿಲ್ದಾಣದ ಎನ್‌ಕ್ವೈರಿ ಅಕ್ಕ ಮನೆಯಲ್ಲಿ ಮಾತಾಡುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಟೈಲರ್ ಗಂಡ ಏನಾದರೂ ಕೇಳಿದರೆ ಕೈಸನ್ನೆ. ಏಳು ವರ್ಷದ ಮಗಳು ಪುಟ್ಟಿ ಕತೆ ಹೇಳು ಎಂದು ಕೈಹಿಡಿದು ಎಳೆದರೆ ತಲೆ ಸವರಿ ಸುಮ್ಮನಾಗುವುದು. ಗಂಡ ಹೆಂಡತಿಗೆ ಜಗಳವಂತೆ ಎಂದು ಪಕ್ಕದ ಮನೆಯವರು ಗುಸುಗುಸು ಅಂದರು. ಜಗಳವೂ ಇಲ್ಲ, ಮಣ್ಣೂ ಇಲ್ಲ. ಎಲ್ಲಕ್ಕೂ ಕಾರಣ ಎರಡೇ ಎರಡು ಜಿಬಿ ಮೆಮೊರಿ.

ಅವಳ ಮೇಜಿನ ಮೇಲಿನ ಕಂಪ್ಯೂಟರ್ ನಾಲ್ಕು ಕೆಲಸ ಮಾಡಬೇಕಿತ್ತು: ಟಿಕೆಟ್ ಬುಕಿಂಗ್, ಬಸ್ಸುಗಳ ವೇಳಾಪಟ್ಟಿ, ಹೊರಗಿನ ಪ್ಲಾಟ್‌ಫಾರ್ಮ್ ಬೋರ್ಡು, ಮತ್ತೆ ರೆಕಾರ್ಡ್ ಮಾಡಿದ ದನಿಯಲ್ಲಿ ಘೋಷಣೆ. ಮೂರನ್ನು ಒಟ್ಟಿಗೆ ತೆರೆದರೆ ಏದುಸಿರು ಬಿಡುತ್ತ ಹೇಗೋ ನಡೆಯುತ್ತಿತ್ತು. ನಾಲ್ಕನೆಯದನ್ನು ತೆರೆದರೋ, ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಒಮ್ಮೆ ಹೀಗೆ ಸಿಕ್ಕಿಕೊಂಡು ‘ಮೂರನೇ ಪ್ಲಾಟ್‌ಫಾರ್ಮಿಗೆ ಬರಲಿದೆ, ಬರಲಿದೆ, ಬರಲಿದೆ’ ಎಂದು ಮುಕ್ಕಾಲು ಗಂಟೆ ಒದರಿತ್ತು. ಜನ ಬಾರದ ಬಸ್ಸಿಗಾಗಿ ಗಂಟುಮೂಟೆ ಹೊತ್ತು ನಿಂತೇ ಇದ್ದರು. ಆ ಭರದಲ್ಲಿ ಬಂದ ಬಸ್ಸುಗಳನ್ನೂ ಬಿಟ್ಟರು.

ಅಂದಮೇಲೆ ಒಂದನ್ನು ಮುಚ್ಚಲೇಬೇಕು. ಬುಕಿಂಗ್ ಮುಚ್ಚಿದರೆ ಪ್ರಯಾಣಿಕರು ಮೈಮೇಲೆ ಬೀಳುತ್ತಾರೆ. ವೇಳಾಪಟ್ಟಿ ಮುಚ್ಚಿದರೆ ಪಕ್ಕದ ಕೋಣೆಯ ಕಂಟ್ರೋಲರ್ ಕೂಗಾಡುತ್ತಾನೆ. ಬೋರ್ಡು ಮುಚ್ಚಿದರೆ ಡ್ರೈವರುಗಳ ಬಾಯಿಗೆ ಸಿಕ್ಕಿ ಬದುಕಿದವರುಂಟೇ? ಘೋಷಣೆಗಾದರೆ ದೇವರು ಕೊಟ್ಟ ಬಾಯಿ ಇತ್ತು. ಅಕ್ಕ ಆ ರೆಕಾರ್ಡನ್ನು ಮುಚ್ಚಿ, ಮೈಕು ಎಳೆದುಕೊಂಡು, ಅದೇ ಧಾಟಿಯಲ್ಲಿ ತಾನೇ ಹೇಳತೊಡಗಿದಳು. ಶುರುವಿನ ಟಿಂಗ್ ಟಾಂಗ್‌ಗೆ ಸ್ಟೀಲ್ ಲೋಟ, ಒಂದು ಚಮಚ. ಯಾರಿಗೂ ಗೊತ್ತಾಗಲಿಲ್ಲ. ಆದರೆ ಲೋಟದಲ್ಲಿ ಟೀ ಇದ್ದರೆ ಅದು ಟಿಂಗ್ ಎನ್ನದೆ ಟೊಪ್ ಎನ್ನುತ್ತಿತ್ತು. ಹಾಗಾಗಿ ಬಸ್ಸು ಬಂದಾಗಲೆಲ್ಲ ಸುಡುವ ಟೀಯನ್ನು ಗಟಗಟ ಸುರಿದುಕೊಳ್ಳಬೇಕಾಯಿತು. ಮೂರು ವರ್ಷದಿಂದ ಅವಳ ನಾಲಿಗೆಗೆ ರುಚಿ ಎಂಬುದೇ ತಿಳಿದಿರಲಿಲ್ಲ.

ದಿನಕ್ಕೆ ನೂರಾ ಹತ್ತು ಬಸ್ಸು. ಗಂಟಲಾದರೂ ಎಷ್ಟು ತಾಳೀತು? “ಕೆಲಸದಲ್ಲಿ ಮಾತಾಡಿ, ಇಲ್ಲಾ ಮನೇಲಿ ಮಾತಾಡಿ. ಎರಡೂ ಕಡೆ ಆದ್ರೆ ದನಿ ಪೂರ್ತಿ ಹೋಗುತ್ತೆ,” ಎಂದರು ಡಾಕ್ಟರು. ಅಕ್ಕ ಮನೆಯದನ್ನು ಮುಚ್ಚಿದಳು. ಪುಟ್ಟಿಗೆ ಕತೆ ಹೇಳುವ ಕೆಲಸ ಗಂಡನ ಪಾಲಿಗೆ ಬಿತ್ತು. ಪುಣ್ಯಾತ್ಮನಿಗೆ ಬರುತ್ತಿದ್ದುದು ಒಂದೇ ಕತೆ, ಅದರಲ್ಲಿ ರಾಜನ ಅಂಗಿಯ ಕೊರಳಿನ ಅಳತೆಗೇ ಅರ್ಧ ಗಂಟೆ ಹೋಗುತ್ತಿತ್ತು. ಅಕ್ಕ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಮಗಳು ನನ್ನ ದನಿಯನ್ನೇ ಮರೆತುಬಿಟ್ಟರೆ ಏನು ಗತಿ ಎಂದು ಹೆದರುತ್ತಿದ್ದಳು.

ಮೆಮೊರಿ ಹೆಚ್ಚಿಸಿ ಎಂದು ಬರೆದ ಏಳನೇ ಅರ್ಜಿಗೆ, ಕೊನೆಗೂ, ಮುಖ್ಯ ಕಚೇರಿಯಿಂದ ಒಬ್ಬ ಸಾಹೇಬರು ಪರೀಕ್ಷೆಗೆ ಬಂದರು. ಅಕ್ಕ ಮಾಡಬೇಕಿದ್ದುದು ಇಷ್ಟೇ: ನಾಲ್ಕನ್ನೂ ತೆರೆದು, ಯಂತ್ರ ಕೈಎತ್ತುವಾಗ ತಾನು ತುಟಿಪಿಟಕ್ಕೆನ್ನದೆ ಕೂರುವುದು. ತೆರೆದಳು. ಯಂತ್ರ ಗರಬಡಿದಂತೆ ನಿಂತಿತು.

“ಹೌದಲ್ಲಮ್ಮ, ಪೂರ್ತಿ ಸತ್ತಿದೆ,” ಎಂದು ಸಾಹೇಬರು ಪೆನ್ನು ತೆಗೆದರು.

ಅಷ್ಟರಲ್ಲಿ ಅಕ್ಕನ ಕಣ್ಣು ಗಾಜಿನಾಚೆ ಹೋಯಿತು. ವಾರಕ್ಕೊಮ್ಮೆ ಮಗಳ ಮನೆಗೆ ಹೋಗುವ ಅಜ್ಜಿ ಎಂದಿನಂತೆ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಚೀಲಗಳ ನಡುವೆ ಕೂತಿದ್ದಳು. ಅವಳ ಬಸ್ಸು, ದಿನಕ್ಕೆ ಇರುವುದೇ ಅದೊಂದು, ಇವತ್ತು ಐದನೆಯದರಲ್ಲಿ ನಿಂತು ಎಂಜಿನ್ ಶುರುಮಾಡಿತ್ತು. ಯಂತ್ರದ ಜೊತೆ ಹೊರಗಿನ ಬೋರ್ಡೂ ಸತ್ತಿತ್ತು. ಅಕ್ಕ ಸಾಹೇಬರ ಪೆನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಹಾಳಾಗಿ ಹೋಗಲಿ ಎಂದುಕೊಂಡು ಟೀ ಸುರಿದುಕೊಂಡಳು, ಚಮಚ ಎತ್ತಿದಳು.

ಟಿಂಗ್ ಟಾಂಗ್. “ಪ್ರಯಾಣಿಕರ ಗಮನಕ್ಕೆ. ಹತ್ತು ಇಪ್ಪತ್ತರ ಬಸ್ಸು ಐದನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ. ಅಜ್ಜಿ, ಚೀಲ ಅಲ್ಲೇ ಬಿಡಿ, ಮೊದಲು ನೀವು ಹತ್ತಿ. ಕಂಡಕ್ಟರ್ ತರ್ತಾರೆ.”

ಅಜ್ಜಿ ಬಸ್ಸು ಹತ್ತಿದಳು. ಸಾಹೇಬರು ಅಕ್ಕನ ಕಡೆ ತಿರುಗಿದರು.

“ಇಷ್ಟು ದಿನ ಇದು ನೀವಾ? ಈ ಕಡೆ ಬಂದಾಗಲೆಲ್ಲ ಕಂಪ್ಯೂಟರ್ ಅಂದ್ಕೊಂಡಿದ್ದೆ.”

“ಹೌದು ಸಾರ್, ಅದಕ್ಕೇ ಮೆಮೊರಿ ಬೇಕಿತ್ತು.”

“ಅಲ್ಲಮ್ಮ, ಫಾರಂನಲ್ಲಿ ಕೇಳಿರೋದು ‘ಘೋಷಣೆ ಕೇಳಿಸುತ್ತಿದೆಯೇ’ ಅಂತ. ನಾನೇ ಕಿವಿಯಾರೆ ಕೇಳಿದೆನಲ್ಲ. ಇಲ್ಲ ಅಂತ ಹೇಗೆ ಬರೀಲಿ?”

‘ಕೇಳಿಸುತ್ತಿದೆ, ಅತ್ಯುತ್ತಮ’ ಎಂದು ಬರೆದು ಸಹಿ ಜಡಿದು ಹೊರಟೇಹೋದರು. ಅತ್ಯುತ್ತಮ ಎನ್ನಿಸಿಕೊಂಡು ಯಾರಾದರೂ ಅತ್ತಿದ್ದಾರೆಯೇ? ಅಕ್ಕ ಬುಕಿಂಗ್ ಕಿಟಕಿಗೆ ಬೆನ್ನುಹಾಕಿ ಅತ್ತಳು.

ಮೂರು ವಾರ ಕಳೆದು ಕಚೇರಿಯಿಂದ ಪತ್ರ ಬಂತು. ನಿಮ್ಮ ಯಂತ್ರದ ದನಿ ಅತ್ಯುತ್ತಮವೆಂದು ವರದಿಯಾಗಿದೆ. ಅದರ ಪ್ರತಿಯನ್ನು ಉಳಿದ ಆರು ನಿಲ್ದಾಣಗಳಿಗೂ ಕೂಡಲೇ ಕಳಿಸತಕ್ಕದ್ದು. ಅದು ಯಾರ ದನಿ ಎಂದು ಬರೆಯಲು ಫಾರಂನಲ್ಲಿ ಸಾಹೇಬರಿಗೆ ಜಾಗವಿರಲಿಲ್ಲ ಅಂತ ಕಾಣುತ್ತದೆ. ಅಕ್ಕ ಎರಡು ಸಲ ಓದಿ, ಕಣ್ಣು ಕಿರಿದು ಮಾಡಿ, ಎರಡೇ ಸಾಲಿನ ಉತ್ತರ ಬರೆದಳು: ‘ದನಿ ಸಿದ್ಧವಿದೆ. ರೆಕಾರ್ಡ್ ಮಾಡಲು ಯಂತ್ರದಲ್ಲಿ ಮೆಮೊರಿ ಇಲ್ಲ.’

ಏಳು ಅರ್ಜಿಗೂ ಬಗ್ಗದ ಕಚೇರಿ ನಾಲ್ಕೇ ದಿನದಲ್ಲಿ ಮೆಮೊರಿ ಕಳಿಸಿತು. ಬೆರಳುದ್ದದ ಹಸಿರು ಪಟ್ಟಿ, ಅಷ್ಟೇ. ಕಂಟ್ರೋಲರ್ ಅದನ್ನು ಯಂತ್ರದೊಳಗೆ ಒತ್ತಿ ಕೂರಿಸಿದ. ಅಕ್ಕ ಎಲ್ಲ ಅಂಕಿ, ಎಲ್ಲ ಊರುಗಳನ್ನೂ ಒಮ್ಮೆ ಹೇಳಿ ಮುಗಿಸಿದಳು, ಟಿಂಗ್ ಟಾಂಗ್ ಸಮೇತ. ಮರುದಿನ ಯಂತ್ರ ಅವಳ ದನಿಯಲ್ಲಿ ಬಸ್ಸು ಕೂಗಿತು, ಅವಳು ನಿಧಾನವಾಗಿ ಟೀ ಕುಡಿದಳು. ನಿಲ್ದಾಣದ ಟೀ ಅಷ್ಟು ಕೆಟ್ಟದಾಗಿರುತ್ತದೆಂದು ಅವಳಿಗೆ ಅವತ್ತೇ ಗೊತ್ತಾಗಿದ್ದು.

ಸಂಜೆ ಮನೆಗೆ ಬಂದವಳೇ ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಗಂಡ ಹೊಲಿಗೆ ಮಿಷನ್ ನಿಲ್ಲಿಸಿ ಕಿವಿಗೊಟ್ಟ. ಮೂರು ವರ್ಷದ ಮೇಲೆ ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ. ಕೈ ತಾನಾಗಿ ಮಗಳ ಹಾಲಿನ ಲೋಟಕ್ಕೆ ಹೋಯಿತು. ಖಾಲಿ ಇತ್ತು. ಚಮಚದಿಂದ ಎರಡು ಸಲ ತಟ್ಟಿದಳು.

“ಮಕ್ಕಳ ಗಮನಕ್ಕೆ. ಒಂದೂರಲ್ಲಿ ಒಬ್ಬ ರಾಜ ಇದ್ದ.”

ಪುಟ್ಟಿ ಕಣ್ಣರಳಿಸಿ ಅಮ್ಮನ ಬಾಯನ್ನೇ ನೋಡಿದಳು.

“ಎಷ್ಟನೇ ಪ್ಲಾಟ್‌ಫಾರ್ಮಲ್ಲಿ?”