ಕೆಂಪರಾಜುವಿನ ಟ್ರಂಪೆಟ್ಟಿಗೆ ಬಿಸಿನೀರಿನ ಅಭಿಷೇಕ

ಕತ್ರಿಗುಪ್ಪೆಯ ಬ್ಯಾಂಡ್‌ಸೆಟ್ಟಿನಲ್ಲಿ ಮುಂದಿನ ಸಾಲಿನ ನಟ್ಟನಡುವೆ ನಿಲ್ಲುವ ಹಕ್ಕು ಟ್ರಂಪೆಟ್ ಊದುವ ಕೆಂಪರಾಜುವಿನದು. ಆತ ಕೆನ್ನೆ ಉಬ್ಬಿಸಿದನೆಂದರೆ ಆಟೋಗಳು ದಾರಿ ಬಿಡುತ್ತವೆ. ಮದುವೆಗಂಡಿಗೆ ತಾನೇ ಮಹಾರಾಜನೆಂಬ ಭ್ರಮೆ ಹತ್ತುತ್ತದೆ. ಆ ಜಾಗದ ಮೇಲೆ ಕ್ಲಾರಿನೆಟ್ಟಿನ ಕರಿಬಸವಯ್ಯನಿಗೆ ಬಹಳ ಕಾಲದಿಂದ ಕಣ್ಣು.

ಸಿಂಹಾಸನ ಅಲ್ಲಾಡಿದ್ದು ಆಯುಧಪೂಜೆಯಿಂದ. ಭಕ್ತಿ ಉಕ್ಕಿ ಕೆಂಪರಾಜು ಟ್ರಂಪೆಟ್ಟಿನ ಸಂದುಗೊಂದಿಗೆಲ್ಲ ಗಂಧ, ಕುಂಕುಮ ಮೆತ್ತಿದ. ಅದು ಸ್ಲೈಡಿಗೂ ಇಳಿಯಿತು. ಸ್ಲೈಡೆಂದರೆ ಕೊಳವೆಯೊಳಗೆ ಜಾರುವ, ಹೇರ್‌ಪಿನ್ನಿನಂತೆ ಬಾಗಿದ ತುಂಡು. ಹೊರಗೆಳೆದರೆ ಗಾಳಿಯ ದಾರಿ ಉದ್ದವಾಗಿ ಸ್ವರ ಇಳಿಯುತ್ತದೆ, ಒಳಗೆ ನೂಕಿದರೆ ಏರುತ್ತದೆ. ಪೂರ್ತಿ ಒಳಗಿದ್ದಾಗಲೇ ಗಂಧ ಒಣಗಿ ಅದು ಕಚ್ಚಿಕೊಂಡಿತು.

ಇದು ಬಯಲಾದದ್ದು ಜಯನಗರದ ಛತ್ರವೊಂದರ ಮುಂದೆ, ಮೆರವಣಿಗೆಗೆ ಮುಂಚೆ ಶ್ರುತಿ ನೋಡುವಾಗ. ಟ್ರಂಪೆಟ್ಟಿನ ಸ್ವರ ಉಳಿದವರಿಗಿಂತ ಮೇಲೆಯೇ ನಿಂತಿತು.

"ಏನ್ ಕೆಂಪಣ್ಣ, ನೀನೊಬ್ನೇ ಮಹಡಿ ಹತ್ಬಿಟ್ಟಿದೀಯ?" ಎಂದು ಕರಿಬಸವಯ್ಯ ಹಲ್ಲು ಕಿರಿದ. "ಹಿಂದೆ ಹೋಗು ಗುರು, ಇವತ್ತು ನಡುಮಧ್ಯಕ್ಕೆ ನಾನು."

"ಗಂಡು ಕಾರ್ ಹತ್ತೋದ್ರೊಳಗೆ ಬರ್ತೀನಿ. ಆಮೇಲೂ ಶ್ರುತಿ ಸೇರ್ಲಿಲ್ಲ ಅಂದ್ರೆ ಜಾಗ ಪರ್ಮನೆಂಟಾಗಿ ನಿಂದೇ!"

ಕೆಂಪರಾಜು ಅಡುಗೆಮನೆಗೆ ದಂಡೆತ್ತಿ ಹೋದ. ಅಡುಗೆಯ ಪಾರ್ವತಮ್ಮ ಅನ್ನದ ಎಸರಿನ ಮುಂದೆ ನಿಂತಿದ್ದರು.

"ಅಕ್ಕಾ, ಒಂಚೂರು ಬಿಸಿನೀರು!"

"ಗಂಟಲಿಗಾ?"

"ಟ್ರಂಪೆಟ್‌ಗೆ."

"ಅಯ್ಯೋ, ಮದ್ವೆ ಇದಕ್ಕಾ? ಎಣ್ಣೆಸ್ನಾನ ಮಾಡಿಸ್ತಿದೀಯ!"

ನಗುತ್ತಲೇ ಅವರು ಸೌಟಿನಿಂದ ಹೊರಗೊಳವೆಯ ಮೇಲೆ ನೀರು ಸುರಿದರು. ಕೆಂಪನೆಯ ನೀರು ತೊಟ್ಟಿಕ್ಕಿತು, ಹಿತ್ತಾಳೆ ಹಿಗ್ಗಿತು. ಕೆಂಪರಾಜು ಟವೆಲ್ ಸುತ್ತಿ, ಹಲ್ಲು ಕಚ್ಚಿ ಎಳೆದ. ಟಪ್! ಕೋಟೆ ಬಿತ್ತು. ಒರೆಸಿ, ಒಬ್ಬಟ್ಟಿಗಿಟ್ಟಿದ್ದ ತುಪ್ಪವನ್ನೇ ಸವರಿ, ಸ್ಲೈಡನ್ನು ಬೆಣ್ಣೆಯಂತೆ ಜಾರಿಸಿದ.

ಗಂಡು ಕಾರಿನ ಬಾಗಿಲಿಗೆ ಕೈ ಹಾಕುತ್ತಿದ್ದ. ಕರಿಬಸವಯ್ಯ ಷಡ್ಜ ಹಿಡಿದ. ಕೆಂಪರಾಜು ಸ್ಲೈಡನ್ನು ಉಗುರಿನಷ್ಟು ಎಳೆದ. ಲೋಹ ಬಿಸಿಯಿದ್ದರೆ ಸ್ವರ ಏರುವುದನ್ನು ನೆನೆದು ಇನ್ನೊಂದು ನೂಲಿನಷ್ಟು ಎಳೆದ. ಊದಿದ. ಎರಡು ಸ್ವರ ಒಂದಾಗಿ ಛತ್ರದ ಗಾಜು ಗುಂಯ್ ಎಂದಿತು.

ಕರಿಬಸವಯ್ಯ ತಾನಾಗಿಯೇ ಪಕ್ಕಕ್ಕೆ ಸರಿದ. "ಸಖತ್ ಕೂತ್ಕೊಂಡ್ತು ಕಣಣ್ಣ. ಬಾ, ನಿನ್ ಜಾಗಕ್ಕೆ. ಆದ್ರೆ ಮುಂದಿನ್ ಪೂಜೆಗೆ ಗಂಧ ನಾನಿಡ್ತೀನಿ."

ನಟ್ಟನಡುವೆ ಕೆನ್ನೆ ಉಬ್ಬಿದವು, ಆಟೋಗಳು ದಾರಿ ಬಿಟ್ಟವು. ದಾರಿಯುದ್ದಕ್ಕೂ ತುಪ್ಪದ ಘಮ.