ಕಾಡುಪಾಪಕ್ಕೆ ಕಟ್ಟಿದ ಹಗ್ಗ

ಎಂ.ಎಸ್ಸಿ. ಮುಗಿಸಿದ ವರ್ಷ, ತೊಂಬತ್ತರ ದಶಕದ ಮೊದಲ ಭಾಗದಲ್ಲಿ, ಸಾಸಲು ಕಡೆಯ ನಮ್ಮೂರಿನ ಗಾಡಿದಾರಿಗೆ ಅಡ್ಡಲಾಗಿ, ಎತ್ತರದಲ್ಲಿ, ನಾನೊಂದು ಹಗ್ಗ ಕಟ್ಟಿಸಿದೆ. ದಾರಿಯ ಎರಡೂ ಬದಿಗೆ ದೊಡ್ಡಪ್ಪನ ಹುಣಸೆ ತೋಪು. ಅಂಚಿನ ಮರಗಳನ್ನು ಕಡಿದ ಮೇಲೆ ತೋಪು ಎರಡು ತುಂಡಾಗಿತ್ತು. ಅಲ್ಲಿದ್ದ ಕಾಡುಪಾಪಗಳು, ಅಗಲ ಕಣ್ಣಿನ ಪುಟ್ಟ ಪ್ರಾಣಿಗಳು, ಕೋತಿಯಂತೆ ನೆಗೆಯುವುದಿಲ್ಲ. ಒಂದು ಕೊಂಬೆ ಹಿಡಿದ ಮೇಲೆಯೇ ಇನ್ನೊಂದನ್ನು ಬಿಡುತ್ತವೆ. ಆ ಸ್ವಭಾವ ನನಗೆ ಅರ್ಥವಾಗುತ್ತಿತ್ತು. ದಾರಿಯ ಎರಡೂ ಅಂಚಿಗೆ ಒಟ್ಟು ಹನ್ನೆರಡು ಅತ್ತಿ ಸಸಿ ನೆಟ್ಟೆ. ಅವು ಬೆಳೆದು ಕೊಂಬೆ ಕೂಡುವವರೆಗೆ ಹಗ್ಗ. ಮಳೆಗಾಲ ಮುಗಿಯುವಷ್ಟರಲ್ಲಿ ಸಸಿ ಹಿಡಿಯದಿದ್ದರೆ ಅಲ್ಲಿ ಹುಲ್ಲಿನ ಬಣವೆ ಹಾಕುವುದಾಗಿ ದೊಡ್ಡಪ್ಪ ಮೊದಲೇ ಹೇಳಿದ್ದರು.

ಅವರ ಎಮ್ಮೆ ಮೂರು ದಿನದಿಂದ ಮೇವು ಬಿಟ್ಟಿತ್ತು. ದನದ ಡಾಕ್ಟರ ಬಳಿಗೆ ಹೊಡೆದುಕೊಂಡು ಹೋಗುವಾಗ ಅದು ಹಗ್ಗದ ಕೆಳಗೆ ನಿಂತು, ಸ್ವಲ್ಪ ಯೋಚಿಸಿ, ಒಂದು ಸಸಿಯನ್ನು ಬುಡದವರೆಗೆ ತಿಂದಿತು. ಎಮ್ಮೆ ಬಾಯಾಡಿಸಿತಲ್ಲ, ಇನ್ನು ಡಾಕ್ಟರು ಬೇಡವೆಂದು ದೊಡ್ಡಪ್ಪ ಅಲ್ಲಿಂದಲೇ ಮನೆಗೆ ಹಿಂತಿರುಗಿದರು. ದನಗಳಿಗೆ ಕಾಯಿಲೆ ಬಂದರೆ ಊರಬಾಗಿಲಿಗೆ ಮಂತ್ರಿಸಿದ ಹಗ್ಗ ಕಟ್ಟಿ, ಅದರಡಿ ದಾಟಿಸುವುದು ನಮ್ಮಲ್ಲಿ ಇದ್ದದ್ದೇ. ಸಂಜೆಯೊಳಗೆ ನನ್ನ ಹಗ್ಗಕ್ಕೂ ಬೇವಿನ ಸೊಪ್ಪು ಬಿತ್ತು.

ಮರುದಿನ ಬೆಳಿಗ್ಗೆ ಅಲ್ಲಿ ದನಗಳ ಸಾಲು. ಕಾಯಿಲೆಯವು ಎರಡೋ ಮೂರೋ. ಉಳಿದವು ಮುಂಜಾಗ್ರತೆಗೆ ಬಂದಿದ್ದವು. ದಾಟುವಾಗ ದನ ಒಂದು ಬಾಯಿ ಸಸಿ ತಿನ್ನುತ್ತಿತ್ತು, ಯಜಮಾನ ಹಗ್ಗಕ್ಕೆ ಕೈ ಮುಗಿಯುತ್ತಿದ್ದ. ಪಕ್ಕದ ಮನೆಯ ಅಜ್ಜಿ ಮಂಡಿನೋವಿಗೆಂದು ತಾವೇ ಎರಡು ಸಲ ದಾಟಿದರು. ಏಳು ಸಸಿ ಉಳಿದಿದ್ದವು.

ನಾನು ಗುಂಪಿನಲ್ಲಿ ಮಾತಾಡುವವಳಲ್ಲ. ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದು, ಅದು ಹಳೆಯ ಬಾವಿಹಗ್ಗವೆಂದೂ, ಯಾರೂ ಮಂತ್ರಿಸಿಲ್ಲವೆಂದೂ, ಕಾಡುಪಾಪ ದಾಟಲೆಂದು ಕಟ್ಟಿಸಿದ್ದೆಂದೂ ಕ್ರಮವಾಗಿ ವಿವರಿಸಿದೆ.

"ಗೊತ್ತು ಕಣವ್ವ," ಎಂದರು. "ನೀನ್ ಕಟ್ಸಿದ್ದು ಕಾಡುಪಾಪಕ್ಕೆ. ಕೆಲ್ಸ ಮಾಡ್ತಿರೋದು ಎಮ್ಮೆಗೆ. ಅದುಕ್ಕೆ ನೀನೇನ್ ಮಾಡಕಾಯ್ತದೆ?"

ಅಷ್ಟರಲ್ಲಿ ಒಂದು ಹೋರಿ ಏಳರಲ್ಲೊಂದಕ್ಕೆ ಬಾಯಿ ಹಾಕಿತು.

"ಎಲ್ಲಕ್ಕೂ ಬಾಯಿಗೆ ಕುಕ್ಕೆ ಹಾಕ್ಸಿ ದೊಡ್ಡಪ್ಪ. ಇನ್ನೊಂದು ಸಸಿ ಹೋದ್ರೆ ಹಗ್ಗ ಬಿಚ್ಬಿಡ್ತೀನಿ."

ನನ್ನ ದನಿ ಸಾಲಿನ ಕೊನೆಯವರೆಗೂ ಕೇಳಿಸಿತು. ನನಗೇ ನಾಚಿಕೆಯಾಯಿತು. ಆದರೆ ಅಜ್ಜಿ, ಹರಕೆ ಅಂದಮೇಲೆ ದನವೂ ಉಪವಾಸ ಇರಬೇಕಾದ್ದೇ ಎಂದು ತೀರ್ಪು ಕೊಟ್ಟರು. ಕಣದಲ್ಲಿ ಎತ್ತುಗಳು ತೆನೆಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಕುಕ್ಕೆಗಳು ಅಟ್ಟದಿಂದ ಇಳಿದವು. ಸಾಲದೆ ಬಂದಾಗ ಕುಕ್ಕೆಯ ಬದಲು ಹಳೆಯ ಬುಟ್ಟಿಗಳು. ಒಂದು ಕರು ಯಾರದೋ ಬನಿಯನ್ನು ಮೂತಿಗೆ ಕಟ್ಟಿಸಿಕೊಂಡು ಬಂತು. ಉಳಿದ ಆರು ಸಸಿಗೂ ದೊಡ್ಡಪ್ಪನೇ ಮುಳ್ಳಿನ ಬೇಲಿ ಹಾಕಿದರು. ಬಣವೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಲ್ಕು ಮಳೆಗಾಲ ಕಳೆದು ಅತ್ತಿಯ ಕೊಂಬೆಗಳು ದಾರಿಯ ಮೇಲೆ ಒಂದಕ್ಕೊಂದು ತಾಗಿದವು. ನಾನು ಏಣಿ ತಂದೆ. ದೊಡ್ಡಪ್ಪ ಎಮ್ಮೆಯೊಂದಿಗೆ ಬಂದು ಏಣಿಯ ಬುಡದಲ್ಲಿ ನಿಂತರು. ಕಾಡುಪಾಪಕ್ಕೆ ಇನ್ನು ಹಗ್ಗ ಬೇಕಿಲ್ಲ ಎಂದೆ.

"ಇವಳ್ನ ಕೇಳ್ದಾ?" ಎಂದರು, ಎಮ್ಮೆಯ ಬೆನ್ನು ತಟ್ಟಿ.

ಏಣಿಯನ್ನು ಮನೆಗೆ ಕೊಂಡೊಯ್ದೆ.