ಅಜ್ಜಿಯ ಫೋಟೋದ ಕಣ್ಣು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಆತಗೂರಿನ ನಮ್ಮ ಮನೆಯಲ್ಲಿ ನಡೆದದ್ದು ಇದು. ಗುಲಾಬಿ ಗಿಡದ ಹುಳ ನೋಡಲು ತರಿಸಿದ್ದ ಅಗ್ಗದ ಡಿಜಿಟಲ್ ಮೈಕ್ರೋಸ್ಕೋಪನ್ನು ಫೋನಿಗೆ ಸಿಕ್ಕಿಸಿ, ಗಾಜು ಒರೆಸಲು ಬಿಚ್ಚಿಟ್ಟಿದ್ದ ಅಜ್ಜಿಯ ಫೋಟೋ ಮೇಲೆ ಇಟ್ಟೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿಯದು ಅದೊಂದೇ ಫೋಟೋ.

“ಸತ್ತೋರ ಮಕದ ಮ್ಯಾಲೆ ಅದೇನವ್ವ ಇಡ್ತೀಯ, ಬುಡು,” ಎಂದರು ಸೋದರತ್ತೆ. ನಾನು ಬಿಡಲಿಲ್ಲ.

ಕೆನ್ನೆ, ತುಟಿಯೆಲ್ಲ ಮರಳಿನಂಥ ಚುಕ್ಕೆಗಳಾಗಿ ಕಂಡವು. ಕಣ್ಣಿನ ಹತ್ತಿರ ಮಾತ್ರ ಕುಂಚದ ಗೆರೆಗಳಿದ್ದವು. ಗೆರೆಗಳ ಅಡಿಯಲ್ಲಿ ಮುಚ್ಚಿದ ರೆಪ್ಪೆ ಇತ್ತು.

“ಅತ್ತೆ, ಇದೇನು?”

ಅತ್ತೆ ಬಗ್ಗಿ ಫೋನಿನ ಪರದೆ ನೋಡಿದರು.

“ಅವ್ವಂದು ಒಂದೂ ಫೋಟೋ ಇರ್ನಿಲ್ಲ ಕಣವ್ವ. ಉಸ್ರು ಹೋದ್ಮೇಲೆ ಗ್ವಾಡೆಗೆ ಒರಗ್ಸಿ ತೆಗ್ಸುದ್ರು. ಮದ್ದೂರಿನ ಸ್ಟುಡಿಯೋದೋನು ಆಮೇಲೆ ಕಣ್ಣು ಬರ್ದ. ಅವ್ವನ ಕಣ್ಣ ಅವನು ನೋಡಿರ್ನಿಲ್ವಲ್ಲ, ನನ್ನ ಎದುರ್ಗೆ ಕೂರುಸ್ಕಂಡು ನನ್ ಕಣ್ಣ ನೋಡ್ಕಂಡೇ ಬರ್ದ. ಆಗ ನಂಗೆ ಒಂಬತ್ತು ವರ್ಸ.”

ಇಷ್ಟು ಹೇಳಿ ಅವರು ಒಲೆ ಹತ್ತಿರ ಹೋದರು. ನಾನು ಫೋಟೋವನ್ನು ಮತ್ತೆ ನಡುಮನೆಯ ಗೋಡೆಗೆ ಹಾಕಿದೆ. ಈಗ ಅತ್ತೆ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ, ಮತ್ತು ನಡುಮನೆಯಲ್ಲಿ ಕೂತು ನಾನು ಇದನ್ನು ಬರೆಯುವುದನ್ನೂ ಗೋಡೆಯ ಮೇಲಿನಿಂದ ನೋಡುತ್ತಿದ್ದಾರೆ.